ಕೂಗಿನ ಋಣ

ಕೆಲವು ಹಾಡುಗಳು ಕವಿಯ ಕೈಗೆ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲೇ ಹುಟ್ಟಿ, ಒಡೆಯರಿಲ್ಲದೆ ಬೀದಿಯಲ್ಲಿ ಅಲೆದಾಡುತ್ತಿರುತ್ತವೆ. 2009ರಲ್ಲಿ ತೆರೆಕಂಡ ‘ಜಂಗ್ಲಿ’ ಚಿತ್ರದ ‘ಹಳೇ ಪಾತ್ರೆ’ ಅಂಥ ಹಾಡು. ಸೂರಿ ನಿರ್ದೇಶಿಸಿ ವಿಜಯ್ ನಾಯಕನಾಗಿದ್ದ ಆ ಚಿತ್ರಕ್ಕಾಗಿ ಯೋಗರಾಜ ಭಟ್ಟರು ಬರೆದು, ವಿ. ಹರಿಕೃಷ್ಣ ರಾಗ ಕಟ್ಟಿ, ಕೈಲಾಶ್ ಖೇರ್ ತಮ್ಮ ಗಡಸು ಕಂಠದಲ್ಲಿ ಹಾಡಿದ ಆ ಗೀತೆಯ ಬೇರು ಇರುವುದು ಗುಜರಿಯವನ ಕೂಗಿನಲ್ಲಿ. ತಳ್ಳುಗಾಡಿ ನೂಕಿಕೊಂಡು, ಹಳೆಯ ಪಾತ್ರೆ, ಹಳೆಯ ಕಬ್ಬಿಣ, ಹಳೆಯ ಕಾಗದ ಎಂದು ಒಂದೊಂದಾಗಿ ಹೆಸರಿಸಿ, ಕೊನೆಯಲ್ಲೊಂದು ಎಳೆತ ಎಳೆದು ಬಿಡುವ ಆ ದನಿಯನ್ನು ಬೆಂಗಳೂರಿನಲ್ಲಿ ಕೇಳದವರು ಯಾರು? ಯಾರೂ ಕಿವಿಗೊಡದಿದ್ದ ಆ ದನಿಗೆ ತಾಳ ಸೇರಿದ್ದೇ ತಡ, ನಾಡಿಗೆ ನಾಡೇ ನಕ್ಕು ಕುಣಿಯಿತು. ಗಣೇಶನ ಪೆಂಡಾಲಿನಲ್ಲಿ, ಮದುವೆಯ ಹಿಂದಿನ ರಾತ್ರಿಯಲ್ಲಿ, ಕಾಲೇಜಿನ ವೇದಿಕೆಯಲ್ಲಿ ಅದು ಮೊಳಗಿತು.

ನಾವು ಆಗ ನಕ್ಕದ್ದು ಏಕೆ ಎಂದು ಈಗ ಯೋಚಿಸುವುದು ಒಳ್ಳೆಯದು. ಹಾಡಿನಲ್ಲಿ ಹೊಸದಾಗಿ ಕಟ್ಟಿದ ಹಾಸ್ಯಪ್ರಸಂಗಕ್ಕಿಂತ ಹೆಚ್ಚಾಗಿ ನಮ್ಮನ್ನು ನಗಿಸಿದ್ದು ಗುರುತು ಹಿಡಿದ ಸಂತೋಷ. ದಿನವೂ ಕಿಟಕಿಯಾಚೆ ಕೇಳಿಬಂದು ದಿನವೂ ಮರೆತುಹೋಗುತ್ತಿದ್ದ ದನಿಯೊಂದು ದೊಡ್ಡ ಪರದೆಯ ಮೇಲೆ, ದೊಡ್ಡ ವಾದ್ಯಗಳ ನಡುವೆ ಎದ್ದುನಿಂತಾಗ, ಅರೆ, ಇದು ನಮ್ಮ ಬೀದಿಯದಲ್ಲವೇ ಎಂದು ಮನಸ್ಸು ಅರಳಿತು. ನಗೆಯ ಮೂಲವೆಲ್ಲ ತಿರಸ್ಕಾರದಲ್ಲಿದೆ ಎಂದು ಹೇಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಬಹುಕಾಲ ಕಣ್ಣೆದುರಿಗಿದ್ದೂ ಕಾಣದೆ ಉಳಿದದ್ದು ತಟ್ಟನೆ ಕಂಡಾಗಲೂ ಮನುಷ್ಯ ನಗುತ್ತಾನೆ. ಅಂಥ ನಗೆ ಮುಚ್ಚಿದ ಕಿವಿಯನ್ನು ತೆರೆಯುತ್ತದೆ. ತೆರೆದ ಕಿವಿಯಿಂದ ಮುಂದೆ ಏನನ್ನು ಕೇಳಿಸಿಕೊಳ್ಳುತ್ತೇವೆ ಎಂಬುದು ಮಾತ್ರ ಹಾಡಿನ ಕೈಯಲ್ಲಿಲ್ಲ.

ಬೀದಿಯ ಕೂಗನ್ನು ಹಾಡಾಗಿಸುವುದು ಕನ್ನಡಕ್ಕೆ ಹೊಸತೂ ಅಲ್ಲ. ಹದಿನಾರನೆಯ ಶತಮಾನದ ಪುರಂದರದಾಸರು ಕಲ್ಲುಸಕ್ಕರೆ ಮಾರುವವನ ದನಿಯನ್ನು ಎತ್ತಿಕೊಂಡು ಅದರಲ್ಲಿ ಹರಿನಾಮದ ಸವಿಯನ್ನಿಟ್ಟರು. ಮನೆಬಾಗಿಲಲ್ಲಿ ರಾಗಿ ಬೇಡುವವನ ಮಾತಿನಿಂದಲೂ ಪದ ಕಟ್ಟಿದರು. ಒಂದು ಕಾಲದಲ್ಲಿ ದೊಡ್ಡ ವ್ಯಾಪಾರಿಯಾಗಿದ್ದರೆಂದು ಪರಂಪರೆ ಹೇಳುವ ಆ ಹಿರಿಯರು ಗದ್ದುಗೆಯ ಮೇಲಿದ್ದವರ ಮಾತನ್ನು ಬಿಟ್ಟು, ತಲೆಯ ಮೇಲೆ ಹೊತ್ತು ಮಾರುವವರ, ಕೈಚಾಚಿ ನಿಲ್ಲುವವರ ಮಾತನ್ನು ಆರಿಸಿಕೊಂಡದ್ದು ಆಕಸ್ಮಿಕವಿರಲಾರದು. ಕೂಗುವವನ ದನಿಯಲ್ಲಿ ಅಲಂಕಾರಕ್ಕೆ ಬಿಡುವಿಲ್ಲ. ಮಹಡಿಯ ಮೇಲಿನವರಿಗೂ ಅಡುಗೆಮನೆಯ ಒಳಗಿರುವವರಿಗೂ ಒಂದೇ ಉಸಿರಿನಲ್ಲಿ ಮುಟ್ಟಬೇಕಾದ ಅದು, ಹಸಿವಿನ ಒತ್ತಾಯದಿಂದಲೇ ಲಯವನ್ನು ಕಲಿತಿರುತ್ತದೆ.

ಬೇರೆ ನಾಡುಗಳಲ್ಲೂ ಹೀಗೆಯೇ ನಡೆದಿದೆ. ಕ್ಯೂಬಾದ ಮೊಯಿಸೆಸ್ ಸಿಮೋನ್ಸ್ ಹವಾನಾದ ಬೀದಿಯಲ್ಲಿ ಕಡಲೆಕಾಯಿ ಮಾರುವವನ ಕೂಗನ್ನು ಹಾಡಾಗಿಸಿದ. 1930ರಲ್ಲಿ ಡಾನ್ ಅಸ್ಪಿಯಾಸು ವಾದ್ಯವೃಂದ ಅದನ್ನು ನ್ಯೂಯಾರ್ಕಿನಲ್ಲಿ ಮುದ್ರಿಸಿದ ಮೇಲೆ ಅಮೆರಿಕೆಯೇ ರುಂಬಾ ಕುಣಿತಕ್ಕೆ ಮರುಳಾಯಿತು. ನಮ್ಮ ಕಾಲದಲ್ಲಿ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಭುವನ್ ಬಾದ್ಯಕರ್ ಊರೂರು ತಿರುಗಿ ಕಡಲೆಕಾಯಿ ಮಾರುವಾಗ ಹಾಡುತ್ತಿದ್ದ ‘ಕಾಚಾ ಬಾದಾಮ್’ 2021ರ ಕೊನೆಯ ಹೊತ್ತಿಗೆ ರೀಲ್ಸ್ ಮೂಲಕ ದೇಶದೇಶಗಳಲ್ಲಿ ಕುಣಿತವಾಯಿತು. ಕಾಸಿನ ಬದಲು ಮುರಿದ ಬಳೆ, ಹಳೆಯ ಸರ, ಕೆಟ್ಟ ಮೊಬೈಲು ಕೊಟ್ಟರೂ ಆತ ಕಡಲೆಕಾಯಿ ಅಳೆದುಕೊಡುತ್ತಿದ್ದ. ಅಂದರೆ ಅವನೂ ಒಂದು ಬಗೆಯಲ್ಲಿ ಗುಜರಿಯವನೇ. ಆದರೆ ಅಲ್ಲೊಂದು ವ್ಯತ್ಯಾಸವಿತ್ತು. ಬೀರಭೂಮಿನ ಹಾಡಿಗೆ ಒಂದು ಮುಖವಿತ್ತು, ಹೆಸರಿತ್ತು. ಹಾಗಾಗಿ ಜನ ಅವನನ್ನು ಹುಡುಕಿಕೊಂಡು ಹೋದರು. ಬೆಂಗಳೂರಿನ ಕೂಗು ಯಾರೊಬ್ಬರದೂ ಅಲ್ಲ. ಹಲವು ತಲೆಮಾರುಗಳ ಸಾವಿರಾರು ಗಂಟಲುಗಳು ತಿದ್ದಿ ತೀಡಿ ಕೊಟ್ಟದ್ದು. ಎಲ್ಲರದಾದ ವಸ್ತುವಿಗೆ ಋಣ ತೀರಿಸಬೇಕಾದದ್ದು ಯಾರಿಗೆ? ಯಾರಿಗೂ ಅಲ್ಲ ಎಂದುಕೊಳ್ಳುವುದು ಸುಲಭ. ಆ ಸುಲಭದ ಉತ್ತರವೇ ನನ್ನನ್ನು ಕಾಡುತ್ತದೆ.

ಬೆಂಗಳೂರಿನ ಅಂಚಿನ ಕೈಗಾರಿಕೆಯ ಮತ್ತು ತಂತ್ರಾಂಶದ ಬಡಾವಣೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ. 1970ರ ದಶಕದಲ್ಲಿ ಬೆಳೆಯತೊಡಗಿ ಇಂದು ಸಾವಿರಾರು ಸಣ್ಣ ಕಾರ್ಖಾನೆಗಳ ಊರಾಗಿರುವ ಪೀಣ್ಯದಲ್ಲಿ ಆಯುಧಪೂಜೆಯ ದಿನ ಲೇತುಗಳನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಬೂದುಗುಂಬಳ ಒಡೆದ ಮೇಲೆ ಸ್ಪೀಕರಿನಲ್ಲಿ ಇಂಥ ಹಾಡು ಬಂದರೆ, ಕುಣಿಯುವ ಹುಡುಗನಿಗೆ ಆ ಕೂಗು ಪರಕೀಯವಲ್ಲ. ಅವನ ಯಂತ್ರದಿಂದ ಸುರುಳಿಸುರುಳಿಯಾಗಿ ಬೀಳುವ ಕಬ್ಬಿಣದ ಸಿಪ್ಪೆಯನ್ನು ಗೋಣಿಚೀಲದಲ್ಲಿ ತುಂಬಿ, ತೂಗಿ ಒಯ್ಯುವವರು ಆ ಕೂಗಿನ ಬಳಗದವರೇ. ಅಲ್ಲಿ ನಗುವವನೂ ನಗೆಗೆ ವಸ್ತುವಾದವನೂ ಒಂದೇ ಗಾಡಿಯಲ್ಲಿ ಚಹಾ ಕುಡಿಯುತ್ತಾರೆ. ವೈಟ್‌ಫೀಲ್ಡ್‌, ಎಲೆಕ್ಟ್ರಾನಿಕ್ ಸಿಟಿಗಳ ಕಡೆ ಬಂದರೆ ನೋಟ ಬದಲಾಗುತ್ತದೆ. ನವೆಂಬರ್ ಬಂತೆಂದರೆ ಅಲ್ಲಿನ ಕಂಪನಿಗಳ ಸಭಾಂಗಣಗಳಲ್ಲಿ, ಅಪಾರ್ಟ್‌ಮೆಂಟುಗಳ ಅಂಗಳಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ. ಹಳದಿ ಕೆಂಪಿನ ಶಲ್ಯ ಹೊದ್ದು, ಬೇರೆ ರಾಜ್ಯದಿಂದ ಬಂದವರನ್ನೂ ಕೈಹಿಡಿದು ಎಳೆದುಕೊಂಡು, ಇಂಥ ಹಾಡುಗಳಿಗೆ ಎಲ್ಲರೂ ಹೆಜ್ಜೆ ಹಾಕುತ್ತಾರೆ. ಆ ಸಂತೋಷ ನಿಜವಾದದ್ದು. ಕನ್ನಡ ಬಾರದವರ ಬಾಯಲ್ಲಿ ಮೊದಲ ಕನ್ನಡ ನುಡಿಸುವ ಶಕ್ತಿ ಅದಕ್ಕಿದೆ. ಆದರೆ ಅಂಥ ಎಷ್ಟೋ ಅಂಗಳಗಳ ಗೇಟಿನಲ್ಲಿ ಗುಜರಿಯವರನ್ನು ಒಳಗೆ ಬಿಡುವುದಿಲ್ಲ. ಹಾಡು ಒಳಗಿದೆ, ಹಾಡನ್ನು ಕೊಟ್ಟವನು ಕಾಂಪೌಂಡಿನ ಹೊರಗಿದ್ದಾನೆ. ಇದನ್ನು ಯಾರದೋ ಕೆಟ್ಟತನವೆಂದು ನಾನು ಹೇಳಲಾರೆ. ಭದ್ರತೆಗೆ, ಶಿಸ್ತಿಗೆ ಅವರದೇ ಕಾರಣಗಳಿರುತ್ತವೆ. ಆದರೂ ಒಬ್ಬನ ದನಿಯನ್ನು ಪ್ರೀತಿಸುತ್ತ ಅವನನ್ನು ಮಾತ್ರ ದೂರವಿಡುವ ಅಭ್ಯಾಸ ನಮ್ಮೊಳಗೆ ಇಷ್ಟು ಸಹಜವಾಗಿ ನೆಲೆಸಿರುವುದನ್ನು ಕಂಡೂ ಸುಮ್ಮನಿರುವುದು ಹೇಗೆ?

ಆ ಮನುಷ್ಯ ಮಾಡುವ ಕೆಲಸದ ತೂಕವನ್ನೂ ಒಮ್ಮೆ ನೋಡೋಣ. ಕೇಂದ್ರ ಸರ್ಕಾರದ 2019ರ ಉಕ್ಕಿನ ಗುಜರಿ ಮರುಬಳಕೆ ನೀತಿಯ ಲೆಕ್ಕದಂತೆ, ಒಂದು ಟನ್ ಗುಜರಿಯನ್ನು ಕರಗಿಸಿ ಬಳಸಿದರೆ 1.1 ಟನ್ ಕಬ್ಬಿಣದ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು, 55 ಕಿಲೋ ಸುಣ್ಣದಕಲ್ಲು ಉಳಿಯುತ್ತದೆ. ಸಂಡೂರಿನ ಬೆಟ್ಟಗಳು ಅದಿರಿಗಾಗಿ ಕರಗಿದ್ದನ್ನು ಕಂಡ ಕನ್ನಡಿಗರಿಗೆ ಈ ಲೆಕ್ಕ ಬರಿಯ ಅಂಕಿಯಾಗಿ ಉಳಿಯಬಾರದು. ನಾವು ಬಿಸಾಡಿದ ಕಾಗದ ಜಾಲಿ ಮೊಹಲ್ಲಾದ ಕಡೆಗೆ, ಪ್ಲಾಸ್ಟಿಕ್ಕು ನಾಯಂಡಹಳ್ಳಿಯ ಕಡೆಗೆ, ಕಬ್ಬಿಣ ಕುಲುಮೆಯ ಕಡೆಗೆ ಹೊರಡುವ ಉದ್ದನೆಯ ದಾರಿಯ ಮೊದಲ ಹೆಜ್ಜೆ ಆ ತಳ್ಳುಗಾಡಿಯದು. ಆ ಹೆಜ್ಜೆ ತಪ್ಪಿದರೆ ಏನಾಗುತ್ತದೆಂಬುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. 2012ರಲ್ಲಿ ಮಾವಳ್ಳಿಪುರದ ತಿಪ್ಪೆ ಮುಚ್ಚಿದಾಗ ನಗರದ ಬೀದಿಬೀದಿಯಲ್ಲಿ ಕಸ ಕೊಳೆಯಿತು. ವೈಟ್‌ಫೀಲ್ಡಿನಾಚೆಯ ಮಂಡೂರಿನ ಜನ 2014ರಲ್ಲಿ ತಮ್ಮ ಊರಿಗೆ ಬರುವ ಕಸದ ಲಾರಿಗಳಿಗೆ ಎದುರು ನಿಂತರು. ನಾವು ಎಸೆದದ್ದರಲ್ಲಿ ಒಂದು ಪಾಲು ಆ ಊರುಗಳನ್ನು ಸೇರದೆ ಉಳಿದಿದ್ದರೆ, ಅದು ಹೆಕ್ಕಿ ಬದುಕುವವರ ಪುಣ್ಯ. ಬೆಂಗಳೂರು ಮಹಾನಗರ ಪಾಲಿಕೆ ಅಂಥ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಾಗ, ಅವರ ಪಾಲಿಗೆ ಅದು ನಗರವು ಅವರನ್ನು ಕಂಡೆನೆಂದು ಹೇಳಿದ ಮೊದಲ ಮಾತಾಗಿತ್ತು.

ಹೆಕ್ಕುವ ಕಾಯಕವನ್ನು ಕೀಳೆಂದು ನೋಡಲು ನಮಗೆ ಕಲಿಸಿದವರಾದರೂ ಯಾರು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ಮಾರಯ್ಯ ಶರಣರ ಸಾಲಿನಲ್ಲಿ ತಲೆಯೆತ್ತಿ ನಿಂತ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಡದ ಪಾಲನ್ನು ಇದ್ದಲ್ಲಿಗೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕತೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆಯುವವರ ಮನೆಯಲ್ಲಿ ಆಸೆಗೆ ಅಷ್ಟು ಗಟ್ಟಿಯಾದ ಎಲ್ಲೆಯಿತ್ತು. ಇಂದು ಎರಡು ವರ್ಷಕ್ಕೊಮ್ಮೆ ಮೊಬೈಲು ಬದಲಿಸುವ, ಚೆನ್ನಾಗಿಯೇ ಇರುವ ಕುರ್ಚಿ ಮೇಜುಗಳನ್ನು ಬಾಡಿಗೆ ಮನೆಯ ಜೊತೆಗೇ ಬಿಟ್ಟುಹೋಗುವ ನಮ್ಮ ಮನೆಗಳಲ್ಲಿ ಅಂಥದೊಂದು ಎಲ್ಲೆ ಎಲ್ಲಿದೆ? ಹೊಸತನ್ನು ತಯಾರಿಸುವುದೇ ಉಸಿರಾಗಿರುವ ಈ ಬಡಾವಣೆಗಳಲ್ಲಿ ವಸ್ತುಗಳಷ್ಟೇ ಬೇಗ ಮನುಷ್ಯರೂ ಹಳಬರಾಗುತ್ತಾರೆ. ನಲವತ್ತು ದಾಟಿದ ಇಂಜಿನಿಯರನೂ, ಕಣ್ಣು ಮಂಜಾದ ಲೇತು ಕೆಲಸಗಾರನೂ ತಮ್ಮ ಬೆಲೆ ಇನ್ನೆಷ್ಟು ದಿನವೆಂದು ಒಳಗೊಳಗೇ ಎಣಿಸಿಕೊಳ್ಳುತ್ತಾರೆ. ಹಾಗಿರುವಾಗ, ಹಳೆಯದಕ್ಕೂ ಒಂದು ತೂಕವಿದೆ, ತೂಗಿ ಬೆಲೆ ಕೊಡುತ್ತೇನೆ ಎಂದು ಬೀದಿಯಲ್ಲಿ ಗಟ್ಟಿಯಾಗಿ ಸಾರುವ ದನಿಯೊಂದು ನಮ್ಮನ್ನು ಅಷ್ಟೊಂದು ಕುಣಿಸಿದ್ದರಲ್ಲಿ, ನಮಗೇ ತಿಳಿಯದ ಒಂದು ಸಮಾಧಾನವೂ ಬೆರೆತಿತ್ತೇನೋ.

ಈಗೀಗ ಆ ಕೂಗೂ ಗಂಟಲಿನಿಂದ ಯಂತ್ರಕ್ಕೆ ಹೋಗಿದೆ. ಗೂಡ್ಸ್ ಆಟೋದ ಮೇಲೆ ಕಟ್ಟಿದ ಸ್ಪೀಕರಿನಲ್ಲಿ ಮೊದಲೇ ಮುದ್ರಿಸಿಟ್ಟ ದನಿ ಅದೇ ಪಟ್ಟಿಯನ್ನು ದಣಿವಿಲ್ಲದೆ ಒಪ್ಪಿಸುತ್ತದೆ. ಬಿಸಿಲಿನಲ್ಲಿ ಕೂಗಿ ಕೂಗಿ ಒಡೆದ ಗಂಟಲಿಗೆ ಇದರಿಂದ ವಿಶ್ರಾಂತಿ ಸಿಕ್ಕಿದ್ದರೆ ಅದು ಒಳ್ಳೆಯದೇ. ದನಿಯ ಚೆಲುವಿಗಾಗಿ ಮತ್ತೊಬ್ಬನ ಗಂಟಲು ನೋಯಲಿ ಎಂದು ಬಯಸುವುದು ರಸಿಕತೆಯಾಗಲಾರದು. ಆದರೆ ಕೂಗುವವನು ಮನುಷ್ಯನೆಂಬುದನ್ನು ನೆನಪಿಸುತ್ತಿದ್ದ ಕೊನೆಯ ಗುರುತೂ ಹೀಗೆ ಅಳಿಸುತ್ತಿರುವಾಗ, ಅವನನ್ನು ನೆನಪಿಟ್ಟುಕೊಳ್ಳುವ ಹೊಣೆ ನಮ್ಮ ಮೇಲೆ ಇನ್ನಷ್ಟು ಬೀಳುತ್ತದೆ.

ಹಾಗಾದರೆ ಈ ಋಣವನ್ನು ತೀರಿಸುವುದು ಹೇಗೆ? ಹಾಡುವುದನ್ನೂ ನಗುವುದನ್ನೂ ಬಿಟ್ಟರೆ ಅದು ತೀರುವುದಿಲ್ಲ. ಬೀದಿಯ ದನಿಯನ್ನು ಕಿವಿಗೊಟ್ಟು ಕೇಳಿ ಎತ್ತಿಕೊಂಡ ಕವಿಗೆ, ರಾಗ ಕಟ್ಟಿದವನಿಗೆ, ಹಾಡಿದವನಿಗೆ ನಾವು ಕೃತಜ್ಞರಾಗಿಯೇ ಇರಬೇಕು. ತೀರಿಸುವ ದಾರಿ ದೊಡ್ಡ ಮಾತುಗಳಲ್ಲೂ ಇಲ್ಲ, ಬಾಗಿಲ ಬಳಿ ಇದೆ. ಕಾಗದವನ್ನು ಎಂಜಲಿನ ಜೊತೆ ನೆನೆಯಲು ಬಿಡದೆ ಒಣಗಿಸಿ ಇಡುವುದು, ಒಡೆದ ಗಾಜನ್ನು ಅವನ ಬೆರಳು ಕೊಯ್ಯದಂತೆ ಬೇರೆ ಕಟ್ಟಿ ಕೊಡುವುದು, ತಿಂಗಳಿಗೆ ಸಾವಿರಗಟ್ಟಲೆ ಸುಮ್ಮನೆ ಖರ್ಚು ಮಾಡುವವರು ಅವನ ತಕ್ಕಡಿಯ ಮುಂದೆ ಒಂದೊಂದು ರೂಪಾಯಿಗೆ ಜಗ್ಗಾಡದಿರುವುದು, ಮಧ್ಯಾಹ್ನದ ಬಿಸಿಲಿನಲ್ಲಿ ಬಂದವನಿಗೆ ಕೇಳುವ ಮೊದಲೇ ನೀರು ಕೊಡುವುದು, ಅಪಾರ್ಟ್‌ಮೆಂಟಿನ ಸಭೆಯಲ್ಲಿ ಗುಜರಿಯವರಿಗೂ ವಾರಕ್ಕೊಂದು ದಿನ ಗೇಟು ತೆರೆಯಲಿ ಎಂದು ಯಾರಾದರೂ ಒಬ್ಬರು ಎದ್ದು ನಿಂತು ಹೇಳುವುದು. ಇವು ಯಾವುವೂ ದಾನವಲ್ಲ, ಪಡೆದದ್ದಕ್ಕೆ ಕೊಡಬೇಕಾದ ನ್ಯಾಯವಾದ ಬೆಲೆ.

ಒಂದು ನಗೆಹಾಡು ಗೆದ್ದಿತೆಂದು ನಾವು ಎಣಿಸುವುದು ಅದನ್ನು ಎಷ್ಟು ಮಂದಿ ಕೇಳಿದರು, ಎಷ್ಟು ವೇದಿಕೆಗಳಲ್ಲಿ ಕುಣಿದರು ಎಂಬುದರಿಂದ. ಅದಕ್ಕಿಂತ ಆಳದ ಗೆಲುವೊಂದಿದೆ, ಅದನ್ನು ಪೂರ್ಣಗೊಳಿಸುವುದು ಕೇಳುಗರ ಪಾಲಿನ ಕೆಲಸ. ಹಾಡು ನಮ್ಮನ್ನು ನಗಿಸಿ, ಆ ನಗೆಯಲ್ಲಿ ಅಂತರಗಳನ್ನು ಒಂದು ಕ್ಷಣ ಕರಗಿಸಿ, ಇವನೂ ನಿಮ್ಮವನೇ ಎಂದು ತೋರಿಸಿಕೊಟ್ಟಿತು. ಹಾಡು ಮುಗಿದ ಮೇಲೂ ಆ ಮಾತನ್ನು ನಿಜವಾಗಿಸಿ ಉಳಿಸಿಕೊಳ್ಳುವ ಸಮಾಜವೇ ತನ್ನ ಹಾಸ್ಯಕ್ಕೆ ಯೋಗ್ಯವಾದ ಸಮಾಜ.