ಕಪ್ಪೆಯ ವಿಷ, ಕೊಳ್ಳುವವನ ದೋಷ

ರಾಜಗೃಹದ ಕಪ್ಪೆಯ ಕಥೆ ಜೈನ ಮನೆತನಗಳಿಗೆ ಹೊಸತಲ್ಲ. ಹಿಂದಿನ ಭವದಲ್ಲಿ ಶ್ರೇಷ್ಠಿಯಾಗಿದ್ದು, ತನ್ನ ಮನೆಯ ಬಾವಿಯಲ್ಲಿಯೇ ಕಪ್ಪೆಯಾಗಿ ಹುಟ್ಟಿದ ಆ ಜೀವವು, ಭಗವಾನ್ ಮಹಾವೀರರ ಸಮವಸರಣಕ್ಕೆ ಹೂವೊಂದನ್ನು ಕಚ್ಚಿಕೊಂಡು ಹೊರಟು, ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಮಡಿದು ದೇವಗತಿಯನ್ನು ಪಡೆಯಿತು. ಪೂಜೆಯ ಫಲವನ್ನು ಹೇಳುವಾಗ ಆಚಾರ್ಯ ಸಮಂತಭದ್ರರು ಈ ಕಪ್ಪೆಯನ್ನೇ ದೃಷ್ಟಾಂತವಾಗಿ ಎತ್ತಿಕೊಂಡರು. ವರ್ತಕನೊಬ್ಬ ಕಪ್ಪೆಯಾದ ಕಥೆಯನ್ನು ಭಕ್ತಿಯಿಂದ ಕೇಳುವ ಸಮಾಜವು, ವರ್ತಕರು ಕಪ್ಪೆಯನ್ನೇ ಸರಕಾಗಿಸಿರುವ ಸಂಗತಿಯನ್ನೂ ತಿಳಿಯುವುದು ಉಚಿತ.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ, ಪೆಸಿಫಿಕ್ ಸಾಗರದ ಅಂಚಿನ ಕೌಕಾ ಪ್ರಾಂತದ ಮಳೆಕಾಡುಗಳಲ್ಲಿ, ಹೊಂಬಣ್ಣದ ಒಂದು ಕಪ್ಪೆ ವಾಸಿಸುತ್ತದೆ. ಉದ್ದ ಸುಮಾರು 5 ಸೆಂಟಿಮೀಟರು. 1978ರಲ್ಲಿ ಮೈಯರ್ಸ್, ಡೇಲಿ ಮತ್ತು ಮಾಲ್ಕಿನ್ ಎಂಬ ಸಂಶೋಧಕರು ಇದನ್ನು ವರ್ಣಿಸಿ ಫಿಲ್ಲೋಬೇಟಿಸ್ ಟೆರಿಬಿಲಿಸ್ ಎಂದು ಹೆಸರಿಟ್ಟರು. ಟೆರಿಬಿಲಿಸ್ ಎಂದರೆ ಭಯಂಕರ. ಇದರ ಚರ್ಮದಲ್ಲಿರುವ ಬ್ಯಾಟ್ರಕೋಟಾಕ್ಸಿನ್ ಎಂಬ ವಿಷವು ನರ ಮತ್ತು ಸ್ನಾಯುಗಳ ಕೋಶಗಳಲ್ಲಿರುವ ಸೋಡಿಯಂ ದ್ವಾರಗಳನ್ನು ಮುಚ್ಚಗೊಡದೆ ಹೃದಯವನ್ನು ನಿಲ್ಲಿಸಬಲ್ಲದು. ಒಂದು ಕಪ್ಪೆಯಲ್ಲಿ ಸುಮಾರು 1 ಮಿಲಿಗ್ರಾಂ ವಿಷವಿರುತ್ತದೆ. ಹಲವು ಮನುಷ್ಯರಿಗೆ ಅಷ್ಟು ಸಾಕು. ಅಲ್ಲಿಯ ಎಂಬೆರಾ ಜನರು ಬೇಟೆಯ ಊದುಗೊಳವೆಯ ಬಾಣಗಳ ಮೊನೆಯನ್ನು ಇದರ ಬೆನ್ನಿಗೆ ಉಜ್ಜಿ ವಿಷವೇರಿಸುತ್ತಿದ್ದರು.

ಆದರೆ ಈ ವಿಷ ಯಾರದು? ಬಂಧನದಲ್ಲಿ ಹುಟ್ಟಿ ಬೆಳೆದ ಕಪ್ಪೆಗಳಲ್ಲಿ ವಿಷವೇ ಇರುವುದಿಲ್ಲ. ಕಾಡಿನಲ್ಲಿ ತಿನ್ನುವ ಸಣ್ಣ ಕೀಟಗಳಿಂದ ಅದು ಕಪ್ಪೆಯ ಮೈಗೆ ಸೇರುತ್ತದೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಕಪ್ಪೆಗೆ ವಿಷವನ್ನು ಚುಚ್ಚುವ ಹಲ್ಲಿಲ್ಲ, ಮುಳ್ಳಿಲ್ಲ. ಬೇಟೆಗೂ ಅದನ್ನು ಬಳಸದು. ಅದು ಆಹಾರದಿಂದ ಬಂದ ಪುದ್ಗಲ, ಹಗೆಯಿಂದ ಬಂದದ್ದಲ್ಲ. ಪ್ರಮತ್ತಯೋಗದಿಂದ ಪ್ರಾಣವನ್ನು ಹರಿಸುವುದೇ ಹಿಂಸೆಯೆಂದು ಉಮಾಸ್ವಾಮಿಗಳು ಹೇಳಿದ ಲಕ್ಷಣವನ್ನು ಇಟ್ಟು ನೋಡಿದರೆ, ಭಯಂಕರವೆಂಬ ಹೆಸರು ಇದಕ್ಕೆ ಸಲ್ಲುವುದು ಕಷ್ಟ. ಮೊಟ್ಟೆಯೊಡೆದ ಮರಿಗಳನ್ನು ಬೆನ್ನ ಮೇಲೆ ಹೊತ್ತು ನೀರಿರುವ ಎಡೆಗೆ ಮುಟ್ಟಿಸುವುದು ಇವುಗಳಲ್ಲಿ ಗಂಡು ಕಪ್ಪೆ.

ವಿಷ ಹೊತ್ತ ಈ ಜೀವವೇ ಇಂದು ಅಪಾಯದಲ್ಲಿದೆ. ಅದರ ನೆಲೆ ಮೊದಲೇ ಕಿರಿದು. ಮರ ಕಡಿತ, ಚಿನ್ನದ ಗಣಿಗಾರಿಕೆ, ಕೋಕಾ ಬೆಳೆಗಳಿಂದ ಮತ್ತೂ ಕಿರಿದಾಗುತ್ತಿದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನಂಚಿನ ಜೀವಿಯೆಂದು ಸೇರಿದೆ. ಇದರ ಮೇಲೆ ಸಾಕುವವರ ಶೋಕಿ. 2024ರ ಜನವರಿಯಲ್ಲಿ ಬೊಗೊಟಾ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕಳೊಬ್ಬಳ ಸಾಮಾನಿನಲ್ಲಿ, ಕ್ಯಾಮೆರಾ ಫಿಲಂ ಡಬ್ಬಿಗಳಲ್ಲಿ ತುಂಬಿದ, ಇದೇ ಬಳಗದ ಬೇರೊಂದು ಜಾತಿಯ 130 ಕಪ್ಪೆಗಳು ಸಿಕ್ಕವು. ಸ್ಥಳೀಯ ಜನರು ಕಾಣಿಕೆಯಾಗಿ ಕೊಟ್ಟರೆಂಬುದು ಆಕೆಯ ಉತ್ತರ. ಕಾಣಿಕೆ ಎಂಬ ಮಾತಿಗೆ ಇದಕ್ಕಿಂತ ಅಪಚಾರ ಬೇಕೆ?

ಇಲ್ಲೊಂದು ಕಠಿಣ ಪ್ರಶ್ನೆ ಏಳುತ್ತದೆ. ಪರವಾನಗಿ ಪಡೆದು ಕಪ್ಪೆಗಳನ್ನು ಬಂಧನದಲ್ಲಿ ಸಾಕಿ, ಮರಿ ಮಾಡಿಸಿ, ನ್ಯಾಯವಾಗಿ ಮಾರುವವರಿದ್ದಾರೆ. ಸಾಕಿದ ಕಪ್ಪೆ ಸುಲಭವಾಗಿ ಸಿಕ್ಕರೆ ಕಾಡಿನ ಕಪ್ಪೆಗೆ ಬೆಲೆ ಇಳಿದು ಕಳ್ಳಸಾಗಣೆ ನಿಲ್ಲುತ್ತದೆಂಬುದು ಅವರ ವಾದ. ಪೇಟೆಯ ಲೆಕ್ಕ ಬಲ್ಲವರು ಇದನ್ನು ತಳ್ಳಿಹಾಕಲಾರರು. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವನ್ನೂ, ಜೀವಿಗಳ ಮಾರಾಟವಾದ ಕೇಶವಾಣಿಜ್ಯವನ್ನೂ ಎಣಿಸುತ್ತದೆ. ಸಾಕಿದ ಕಪ್ಪೆಗೆ ವಿಷವಿಲ್ಲ, ಯಾವ ಕಪ್ಪೆಗೂ ಕೇಶವಿಲ್ಲ, ಆದ್ದರಿಂದ ದೋಷವೂ ಇಲ್ಲವೆಂದು ವಾದಿಸುವ ಜಾಣರೂ ವ್ಯಾಪಾರಿಗಳಲ್ಲಿ ಸಿಕ್ಕಾರು! ಕೊಲಂಬಿಯಾದ ಬಡ ಗೃಹಸ್ಥನಿಗೆ ಸಾಕಣೆಯು ಕಳ್ಳಬೇಟೆಗಿಂತ ಅಲ್ಪಹಿಂಸೆಯೆಂದು ಒಪ್ಪಬಹುದು. ಕೊಳ್ಳುವವನಿಗೆ ಆ ರಿಯಾಯಿತಿ ಇಲ್ಲ. ಹೊಟ್ಟೆಪಾಡಿನ ಕಾರಣ ಅವನಿಗಿಲ್ಲ, ಇರುವುದು ಪರಿಗ್ರಹದ ಆಸೆ ಮಾತ್ರ. ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರರಲ್ಲಿ ಎರಡನೆಯದು ಅವನ ಖಾತೆಗೆ ನೇರವಾಗಿ ಬೀಳುತ್ತದೆ.

ಇದು ಕಡಲಾಚೆಯ ಮಾತಷ್ಟೇ ಅಲ್ಲ. 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಗಳಿಂದ 234 ವನ್ಯಜೀವಿಗಳನ್ನು ಕಸ್ಟಮ್ಸ್ ಅಧಿಕಾರಿಗಳು ಹೊರತೆಗೆದರು. ಕಾಂಗರೂ ಮರಿಯೊಂದು ಉಸಿರುಗಟ್ಟಿ ಸತ್ತಿತ್ತು. ಕೊಳ್ಳುವವರು ಇಲ್ಲಿ ಇದ್ದುದರಿಂದಲೇ ಆ ಪೆಟ್ಟಿಗೆಗಳು ಇತ್ತ ಬಂದವು.

ಪರ್ವದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಕೊಂಡು ಹಾರಿಬಿಡುವ ಪದ್ಧತಿಯನ್ನೂ ಇದೇ ತಕ್ಕಡಿಯಲ್ಲಿ ಇಡಬೇಕಾಗುತ್ತದೆ. ಭಾವ ಶುದ್ಧವೇ, ಆದರೆ ನಿಶ್ಚಿತ ಗಿರಾಕಿಯಿರುವ ದಿನಕ್ಕೆಂದೇ ಬಲೆಗಾರನು ವಾರದ ಮೊದಲೇ ಬಲೆ ಹರಡುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಕಾಡುಹಕ್ಕಿಗಳ ಮಾರಾಟವೇ ಅಪರಾಧ. ಕೌಕಾದಲ್ಲಿ 2012ರಲ್ಲಿ ಪ್ರೋಆವೆಸ್ ಎಂಬ ಸಂಸ್ಥೆಯು ದಾನಿಗಳ ನೆರವಿನಿಂದ ಈ ಕಪ್ಪೆಯಿರುವ ಕಾಡಿನ ಒಂದು ಭಾಗವನ್ನು ಕೊಂಡು ಸಂರಕ್ಷಿತ ತಾಣವಾಗಿಸಿತು. ಅಲ್ಲಿ ಹಣ ಸಂದದ್ದು ಭೂಮಿಗೆ. ಜೀವದಯಾ ನಿಧಿಯಿರುವ ಬಸದಿಗಳ ಟ್ರಸ್ಟುಗಳು ಮುಂದಿನ ವರ್ಷದ ಆಯವ್ಯಯ ಬರೆಯುವಾಗ, ಹಕ್ಕಿಗಳಿಗೆಂದು ತೆಗೆದಿಡುವ ಮೊತ್ತ ಯಾರ ಕೈ ಸೇರುತ್ತಿದೆ ಎಂದು ಒಮ್ಮೆ ವಿಚಾರಿಸಬಹುದು.