ಒಲ್ಲದವನೂ ಆಗದವನೂ

ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳವರಿಗೆ ‘ಜ್ವರ’ ಎಂಬ ಮಾತಿನ ವಿಶೇಷಾರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಟ್ಟೆಯೊಡೆದು ಬಂದ ಹುಳುವು ಗೂಡು ಕಟ್ಟುವುದರೊಳಗಾಗಿ ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿಯೊಂದು ಸಲವೂ ಹೆಚ್ಚು ಕಡಿಮೆ ಒಂದು ದಿನ ತಲೆಯೆತ್ತಿಕೊಂಡು ನಿಶ್ಚಲವಾಗಿ ನಿಂತುಬಿಡುತ್ತದೆ; ಸೊಪ್ಪನ್ನು ಮುಟ್ಟುವುದಿಲ್ಲ. ಇದನ್ನೇ ಹುಳು ಜ್ವರಕ್ಕೆ ಕುಳಿತಿತೆನ್ನುವುದು. ಆಗ ರೈತನು ಸೊಪ್ಪು ಹಾಕುವುದನ್ನು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿಯನ್ನು ಉದುರಿಸಿ, ತಟ್ಟೆ ಅಲುಗದಂತೆ ನೋಡಿಕೊಂಡು ಕಾಯುತ್ತಾನೆ. ತಿನ್ನದೆ ನಿಂತ ಹುಳುವನ್ನು ಸೋಮಾರಿಯೆಂದು ಬೈದ ರೈತನನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಾರರು. ಒಲ್ಲದಿರುವುದು ಬೇರೆ, ಆಗದಿರುವುದು ಬೇರೆ ಎಂಬ ವಿವೇಕವು ಹುಳುಮನೆಯೊಳಗೆ ಇಷ್ಟು ನಿಚ್ಚಳವಾಗಿದೆ. ಅದೇ ರೈತನು ಹುಳುಮನೆಯಿಂದ ಪಡಸಾಲೆಗೆ ಬಂದು ಮಗನ ಎದುರಿಗೆ ನಿಂತಾಗ ಆ ವಿವೇಕವು ಎಲ್ಲಿ ಹೋಗುತ್ತದೆ ಎಂಬುದೇ ವಿಚಾರಣೀಯವಾದ ಪ್ರಶ್ನೆ.

ಈಚಿನ ದಶಕಗಳಲ್ಲಿ ಎರಡು ಹೆಸರುಗಳು ವಿದ್ಯಾವಂತರ ಮನೆಗಳಲ್ಲಿ ಕೇಳಿಬರುತ್ತಿವೆ: ಒಂದು ಎ.ಡಿ.ಎಚ್.ಡಿ., ಇನ್ನೊಂದು ಆಟಿಸಂ. ಇವೆರಡೂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿ ಬಾಲ್ಯದಿಂದಲೇ ಇರತಕ್ಕ ಭೇದಗಳು. ವಂಶದಲ್ಲಿ ಇಳಿದು ಬರುವುದೇ ಹೆಚ್ಚು. ತಾಯಿತಂದೆಗಳು ಸಾಕಿದ ರೀತಿಯಿಂದ ಉಂಟಾದವಲ್ಲ. ಮೊದಲನೆಯದರಲ್ಲಿ ಗಮನವನ್ನು ಬೇಕೆಂದ ಕಡೆ ನಿಲ್ಲಿಸುವುದೂ, ಕೆಲಸವನ್ನು ಆರಂಭಿಸುವುದೂ, ಕಾಲದ ಅಳತೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೂ ದುಸ್ಸಾಧ್ಯವಾಗುತ್ತದೆ. ಎರಡನೆಯದರಲ್ಲಿ ಜನರ ಮುಖ, ದನಿ, ಇಂಗಿತಗಳ ವ್ಯವಹಾರ ಕಷ್ಟವಾಗುತ್ತದೆ. ಸದ್ದು, ಬೆಳಕು, ಸ್ಪರ್ಶಗಳು ಇತರರಿಗಿಂತ ತೀವ್ರವಾಗಿ ತಾಕುತ್ತವೆ. ನಡೆದು ಬಂದ ಕ್ರಮ ತಪ್ಪಿದರೆ ಮನಸ್ಸು ಕದಡುತ್ತದೆ. ಅನೇಕರಲ್ಲಿ ಎರಡೂ ಒಟ್ಟಿಗಿರುವುದುಂಟು. ಆದರೆ ಒಬ್ಬನಲ್ಲಿ ಎರಡನ್ನೂ ಗುರುತಿಸಲು ಅಮೆರಿಕದ ಮನೋವೈದ್ಯರ ಲಕ್ಷಣಗ್ರಂಥವು ಅನುಮತಿ ಕೊಟ್ಟದ್ದು 2013ರಲ್ಲಿ ಮಾತ್ರ. ಆಟಿಸಂ ಉಳ್ಳವರು ಲೋಕದಲ್ಲಿ 127 ಮಂದಿಗೆ ಒಬ್ಬರಂತೆ ಇದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರ ಲೆಕ್ಕವಾಗಿ ಹೇಳುತ್ತದೆ. ಹಾಗಿದ್ದರೆ ಸಣ್ಣ ಪೇಟೆಯಲ್ಲಿಯೂ ಇಂಥವರು ನೂರಾರು ಮಂದಿ ಇರಲೇಬೇಕು. ಅವರಲ್ಲಿ ಪ್ರಾಯ ಕಳೆದವರಿಗೆ ಈ ಹೆಸರು ಸಿಕ್ಕಿಲ್ಲ. ಬೇರೆ ಹೆಸರುಗಳು ಸಿಕ್ಕಿವೆ. ಸೋಮಾರಿ, ಮರೆಗುಳಿ, ಮೊಂಡ, ಜಂಬದವನು, ಯಾರೊಡನೆಯೂ ಹೊಂದದವನು.

ವೈದ್ಯಶಾಸ್ತ್ರವು ಕೂಡ ಮೊದಲಿಗೆ ಈ ಬಗೆಯ ಹೆಸರನ್ನೇ ಇಟ್ಟಿತು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಆಂಗ್ಲ ವೈದ್ಯನು ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದುಕೊಳ್ಳಲಾರದ ಮಕ್ಕಳನ್ನು ವರ್ಣಿಸಿ, ಅವರಲ್ಲಿರುವುದು ನೈತಿಕ ನಿಯಂತ್ರಣದ ಲೋಪವೆಂದು ಕರೆದನು. ಅವನು ಕ್ರೂರಿಯಲ್ಲ, ದೇಹದಲ್ಲಿಯೇ ಇದಕ್ಕೆ ಕಾರಣವಿರಬೇಕೆಂದು ಹುಡುಕಿದವನು. ಆದರೂ ‘ನೈತಿಕ’ ಎಂಬ ವಿಶೇಷಣವು ಅಂಟಿಕೊಂಡಿತು. ಆಸ್ಪತ್ರೆಯ ಗ್ರಂಥಗಳಿಂದ ಅದು ಅಳಿದು ಹೋಗಿದೆ, ಅಡುಗೆಮನೆಯ ಮಾತಿನಿಂದ ಅಳಿದಿಲ್ಲ.

ಕನ್ನಡದಲ್ಲಿ ಬಳಕೆಗೆ ಬಂದಿರುವ ‘ಗಮನದ ಕೊರತೆ’ ಎಂಬ ಪದವೂ ಪೂರ್ತಿ ಸಾಧುವಲ್ಲ. ಗಮನವು ಇಲ್ಲದೆ ಇಲ್ಲ, ಒಡೆಯನ ವಶದಲ್ಲಿಲ್ಲ ಅಷ್ಟೆ. ಒಮ್ಮೆ ಹಿಡಿದ ಕೆಲಸದಲ್ಲಿ ಊಟ ನಿದ್ರೆಗಳನ್ನು ಮರೆತು ಕೂತುಬಿಡುವವನೂ ಇವನೇ. ಸಂಸ್ಕೃತದಲ್ಲಿ ಇದಕ್ಕೆ ‘ಅವಧಾನ’ವೆಂಬ ಒಳ್ಳೆಯ ಮಾತುಂಟು. ಅಷ್ಟಾವಧಾನದ ಸಭೆಯಲ್ಲಿ ಎಂಟು ಮಂದಿ ಪೃಚ್ಛಕರು ಕುಳಿತು ಕವಿಯ ಮನಸ್ಸನ್ನು ಎಂಟು ಕಡೆಗೆ ಎಳೆಯುತ್ತಾರೆ. ಅವರಲ್ಲಿ ಅಪ್ರಸ್ತುತಪ್ರಸಂಗದವನ ಕೆಲಸವೇ ಇಲ್ಲದ ಮಾತು ತೆಗೆದು ಅಡ್ಡಿಪಡಿಸುವುದು. ಇದೆಲ್ಲವನ್ನೂ ತಾಳಿ ಪದ್ಯ ಮುಗಿಸಿದವನಿಗೆ ಸಭೆಯು ಎದ್ದು ಚಪ್ಪಾಳೆ ತಟ್ಟುತ್ತದೆ. ಅವಧಾನವೆಂಬುದು ದುರ್ಲಭವಾದ ಶಕ್ತಿಯೆಂದು ಚಪ್ಪಾಳೆ ತಟ್ಟಿದ ಕೈಗಳಿಗೆ ಗೊತ್ತಿದೆ. ಅವೇ ಕೈಗಳು ಮನೆಗೆ ಹೋಗಿ, ಕರೆಂಟಿನ ಬಿಲ್ಲು ಕಟ್ಟುವುದನ್ನು ಮರೆತ ತಮ್ಮನ ಕಡೆಗೆ ಬೆರಳು ತೋರುತ್ತವೆ.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕುಟುಂಬ. ಮನೆಯ ಎರಡನೆಯ ಮಗನಿಗೆ ನಲವತ್ತರ ಸಮೀಪ. ಬಿಸಿನೀರಿನ ಬೇಸಿನ್ನಿನ ಮುಂದೆ ಅವನು ಕುಳಿತನೆಂದರೆ ಅವನ ಕಣ್ಣು ತಪ್ಪುವುದಿಲ್ಲ. ಎಂಟು ಹತ್ತು ಗೂಡುಗಳ ಎಳೆ ಕೂಡಿ ಒಂದು ನೂಲಾಗುವಾಗ ಒಂದೆಳೆ ಮುಗಿದು ನೂಲು ಸಣ್ಣಗಾದುದನ್ನು ಅವನು ಇತರರಿಗಿಂತ ಮೊದಲೇ ಕಂಡು ಹೊಸ ಗೂಡಿನ ಎಳೆಯನ್ನು ಸೇರಿಸುತ್ತಾನೆ. ಆದರೆ ಗೂಡಿನ ಮಾರುಕಟ್ಟೆಗೆ ಕಳುಹಿಸಿದರೆ ಹರಾಜಿನ ಕೂಗಾಟದಲ್ಲಿ ಕಂಗೆಟ್ಟು ಬರಿಗೈಯಲ್ಲಿ ಹಿಂದಿರುಗುತ್ತಿದ್ದನು. ಲೆಕ್ಕದ ಪುಸ್ತಕ ಬರೆಯಲು ಕೂತರೆ ಸಂಜೆಯವರೆಗೂ ಮೊದಲನೆಯ ಸಾಲು ಬೀಳುತ್ತಿರಲಿಲ್ಲ. ನೆಂಟರ ಮನೆಯ ಮದುವೆಯಲ್ಲಿ ಎಲ್ಲರಂತೆ ನಕ್ಕು ಮಾತಾಡಿ, ಮನೆಗೆ ಬಂದು ಎರಡು ದಿನ ಕತ್ತಲೆಯ ಕೋಣೆಯಲ್ಲಿ ಮಲಗುತ್ತಿದ್ದನು. ಬಾಲ್ಯದಲ್ಲಿ ತಂದೆ ಹೊಡೆದರು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದರು, ಮದುವೆಯಾದ ಮೇಲೆ ಹೆಂಡತಿಯು ಮೊದಲು ಅತ್ತು, ಬಳಿಕ ಬೇಸತ್ತು, ಒಂದೇ ಮಾತನ್ನು ಹಿಡಿದಳು: “ನಿಮಗೆ ಮನಸ್ಸಿದ್ದರೆ ತಾನೆ!” ಈ ಮಾತು ಎಲ್ಲರ ಬಾಯಲ್ಲಿ ಬಂದುದು, ಕಡೆಗೆ ಅವನ ಬಾಯಿಗೂ ಬಂದಿತು. ಲೋಕವು ಮೂವತ್ತು ವರ್ಷ ಹೇಳಿದುದನ್ನು ಅವನು ರಾತ್ರಿಯಲ್ಲಿ ತನಗೆ ತಾನೇ ಹೇಳಿಕೊಳ್ಳತೊಡಗಿದನು.

ಆತ್ಮಗೌರವವು ಕೆಡುವುದು ಹೀಗೆ. ಸೋತವರೆಲ್ಲರ ಆತ್ಮಗೌರವವೂ ಕೆಡುವುದಿಲ್ಲ. ಮಳೆ ಬಾರದೆ ಬೆಳೆ ಕಳೆದುಕೊಂಡವನು ದುಃಖಪಡುತ್ತಾನೆ, ತನ್ನನ್ನು ಹೇಸಿಕೊಳ್ಳುವುದಿಲ್ಲ. ಹೇಸಿಕೊಳ್ಳಬೇಕಾದರೆ, ‘ನನ್ನಿಂದ ಆಗುತ್ತಿತ್ತು, ಆದರೂ ನಾನು ಮಾಡಲಿಲ್ಲ’ ಎಂಬ ತೀರ್ಮಾನವು ನಡುವೆ ಬರಬೇಕು. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ತತ್ತ್ವಜ್ಞನು 1890ರಲ್ಲಿ ಆತ್ಮಗೌರವಕ್ಕೆ ಒಂದು ಭಾಗಾಕಾರದ ಸೂತ್ರವನ್ನು ಕೊಟ್ಟನು: ಮನುಷ್ಯನ ಸಾಧನೆಯನ್ನು ಅವನ ಆಕಾಂಕ್ಷೆಯಿಂದ ಭಾಗಿಸಿದರೆ ಬರುವುದೇ ಅವನ ಆತ್ಮಗೌರವ, ಸಾಧನೆ ಹೆಚ್ಚದಿದ್ದರೆ ಆಕಾಂಕ್ಷೆಯನ್ನು ಇಳಿಸಿದರೂ ಲಬ್ಧವು ಏರುತ್ತದೆ. ಸೂತ್ರವು ಚೆನ್ನಾಗಿದೆ, ಈ ಮನೆಯ ಮಟ್ಟಿಗೆ ಸಲ್ಲದು. ಸಮಯಕ್ಕೆ ಬಿಲ್ಲು ಕಟ್ಟುವುದನ್ನೂ, ಹೇಳಿದ ಮಾತನ್ನು ನೆನಪಿಡುವುದನ್ನೂ ಆಕಾಂಕ್ಷೆಯೆಂದು ಯಾರು ಕರೆದಾರು? ಅದಕ್ಕಿಂತ ಕೆಳಗೆ ಇಳಿಸಲು ಇನ್ನೇನುಂಟು?

ಮುಂದೆ ನಡೆಯುವುದು ಹಲವು ಮನೆಗಳಲ್ಲಿ ಒಂದೇ ತೆರನಾಗಿರುತ್ತದೆ. ಏಳು ವರ್ಷದ ಮಗಳನ್ನು ಶಾಲೆಯವರ ಮಾತಿನಂತೆ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ವೈದ್ಯರು ಮಗುವನ್ನು ಪರೀಕ್ಷಿಸುತ್ತಾ ತಂದೆಯ ಬಾಲ್ಯವನ್ನು ವಿಚಾರಿಸುತ್ತಾರೆ. ಜೊತೆಗೆ ಬಂದ ಮುದಿತಾಯಿ ಉತ್ತರ ಹೇಳುತ್ತಾ ಹೇಳುತ್ತಾ ಮಧ್ಯದಲ್ಲಿ ನಿಲ್ಲಿಸಿಬಿಡುತ್ತಾಳೆ. ತಾನು ಹೇಳುತ್ತಿರುವುದು ಮೊಮ್ಮಗಳ ಕಥೆಯೋ ಮಗನ ಕಥೆಯೋ ಅವಳಿಗೇ ತಿಳಿಯದಾಗುತ್ತದೆ. ಹೀಗೆ ಮಗುವಿನ ದಾರಿಯಿಂದ ತಂದೆಗೆ ಹೆಸರು ಸಿಕ್ಕುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ, ಅದು ಉಡಾಫೆಯದಲ್ಲ. ಹೆಸರು ಸಿಕ್ಕಿದ ಮಾತ್ರಕ್ಕೆ ತಪ್ಪು ಮಾಫಿಯಾಯಿತೆ? ಹನ್ನೆರಡು ವರ್ಷ ಅವನ ಮರೆವಿನ ದಂಡವನ್ನು ತೆತ್ತವಳು ಹೆಂಡತಿ. ಕಟ್ಟದ ಬಿಲ್ಲು, ಕೈತಪ್ಪಿದ ಸಾಲ, ಮುರಿದ ಮಾತು ಇವೆಲ್ಲವನ್ನೂ ಸರಿಪಡಿಸಿದವಳು ಅವಳು. ಇಂದು ವೈದ್ಯರ ಚೀಟಿಯೊಂದು ಬಂದು ‘ಅವನದೇನೂ ದೋಷವಿಲ್ಲ’ ಎಂದರೆ, ಅವಳ ಹನ್ನೆರಡು ವರ್ಷಗಳ ಲೆಕ್ಕವನ್ನು ಯಾರಲ್ಲಿ ಕೇಳಬೇಕು? ಸೋಮಾರಿಗಳೆಲ್ಲರೂ ಇದೇ ಚೀಟಿಯನ್ನು ತಂದರೆ ಧರ್ಮಾಧರ್ಮಗಳ ಮಾತಿಗೆ ಅರ್ಥವೇನು?

ಇದಕ್ಕೆ ಸಮಾಧಾನವನ್ನು ಹುಡುಕುವವರು ಮೀಮಾಂಸಕರ ಬಳಿಗೆ ಹೋಗುವುದು ವಿಚಿತ್ರವಾಗಿ ಕಾಣಬಹುದು. ಆದರೆ ಯಾರಿಂದ ಏನನ್ನು ಅಪೇಕ್ಷಿಸಬಹುದು ಎಂಬುದನ್ನು ಅವರಷ್ಟು ತಾಳ್ಮೆಯಿಂದ ವಿಚಾರಿಸಿದವರು ವಿರಳ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯವು ಅಧಿಕಾರವನ್ನು ಕುರಿತದ್ದು. ವಿಧಿಯು ಸಮರ್ಥನನ್ನು ಮಾತ್ರ ಕುರಿತು ಹೊರಡುತ್ತದೆಂಬುದು ಅಲ್ಲಿಯ ನೆಲೆ. ಕುರುಡನು ಆಜ್ಯವನ್ನು ನೋಡಲಾರನು, ಕುಂಟನು ವಿಷ್ಣುಕ್ರಮದ ಹೆಜ್ಜೆಗಳನ್ನಿಡಲಾರನು ಎಂದು ಅವರನ್ನು ಯಜ್ಞದಿಂದ ಹೊರಗಿಟ್ಟ ಆ ಚರ್ಚೆಯ ಕಾಠಿಣ್ಯವನ್ನು ಇಂದು ಯಾರೂ ಸಮರ್ಥಿಸಬೇಕಾದುದಿಲ್ಲ. ಆದರೆ ಅದೇ ಅಧ್ಯಾಯದ ಮೂರನೆಯ ಪಾದದಲ್ಲಿ ಇನ್ನೊಂದು ನಿರ್ಣಯವುಂಟು. ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮವು ಎಲ್ಲ ಅಂಗಗಳೊಡನೆ ನಡೆದರೆ ಮಾತ್ರ ಸಿದ್ಧಿಸುತ್ತದೆ. ಒಂದಂಗ ತಪ್ಪಿದರೂ ಫಲವಿಲ್ಲ. ಜೀವವಿರುವ ತನಕ ಮಾಡಬೇಕಾದ ನಿತ್ಯಕರ್ಮಕ್ಕಾದರೋ ಆ ನಿರ್ಬಂಧವಿಲ್ಲ. ಅದನ್ನು ಯಥಾಶಕ್ತಿಯಾಗಿ ಮಾಡಬೇಕು. ಶಕ್ತಿಗೆ ಮೀರಿದ ಅಂಗವು ಬಿಟ್ಟುಹೋದರೂ ಕರ್ಮವು ಕೆಡದು.

ಲೋಕವು ಒಬ್ಬನನ್ನು ಅಳೆಯುವುದು ಬಹುಮಟ್ಟಿಗೆ ಕಾಮ್ಯದ ಕೋಲಿನಿಂದ. ಹರಾಜಿನಲ್ಲಿ ಗೂಡು ಸಿಕ್ಕಿತೋ ಇಲ್ಲವೋ; ಸಿಕ್ಕದಿದ್ದರೆ ಪಟ್ಟ ಶ್ರಮಕ್ಕೆ ಬೆಲೆಯಿಲ್ಲ. ವ್ಯಾಪಾರದಲ್ಲಿ ಅದು ನ್ಯಾಯವೇ. ಆದರೆ ಮಗನಾಗಿ, ಗಂಡನಾಗಿ, ತಂದೆಯಾಗಿ ಇರುವುದು ನಿತ್ಯದ ವರ್ಗಕ್ಕೆ ಸೇರಿದ್ದು. ಅಲ್ಲಿ ಮನುಷ್ಯನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ, ಅಣ್ಣನಷ್ಟು ಮಾಡಿದೆನೆ ಎಂಬುದಲ್ಲ, ಇದ್ದ ಶಕ್ತಿಯಲ್ಲಿ ಮಾಡಿದೆನೆ ಎಂಬುದು. ಈ ಕೋಲಿನಿಂದ ಅಳೆದರೆ ಆ ಮನೆಯ ಎರಡನೆಯ ಮಗನು ಅಣ್ಣನಿಗಿಂತ ಹೆಚ್ಚು ದುಡಿದವನಾಗಿ ಕಂಡರೂ ಆಶ್ಚರ್ಯವಿಲ್ಲ. ಮದುವೆಮನೆಯ ಆ ನಗುವಿಗೆ ಎರಡು ದಿನದ ಕತ್ತಲೆಯನ್ನು ತೆತ್ತವನು ಅವನೊಬ್ಬನೇ.

ಹೆಂಡತಿಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಅಡಗಿದೆ. ಯಥಾಶಕ್ತಿಯೆಂದರೆ ರಿಯಾಯತಿಯಲ್ಲ, ಶಕ್ತಿಯಿರುವಷ್ಟನ್ನೂ ಮಾಡತಕ್ಕದ್ದೆಂಬ ಕಟ್ಟಳೆಯೂ ಅದರಲ್ಲಿದೆ. ತನ್ನ ಶಕ್ತಿ ಯಾವುದೆಂದು ತಿಳಿಯದವನು ಅದನ್ನು ಪಾಲಿಸುವುದೆಂತು? ಹೆಸರು ದೊರೆಯುವ ಮೊದಲು ಅವನ ಪ್ರಯತ್ನವೆಲ್ಲವೂ ‘ಇನ್ನು ಮೇಲೆ ಮರೆಯುವುದಿಲ್ಲ’ ಎಂಬ ಪ್ರತಿಜ್ಞೆಯಲ್ಲಿಯೇ ಮುಗಿದುಹೋಗುತ್ತಿತ್ತು. ಹೆಸರು ದೊರೆತ ಮೇಲೆ, ಮರೆಯುತ್ತೇನೆಂಬುದನ್ನೇ ಒಪ್ಪಿಕೊಂಡು, ಫೋನಿನಲ್ಲಿ ಗಂಟೆ ಬಾರಿಸುವುದು, ಬಿಲ್ಲನ್ನು ಬಂದ ದಿನವೇ ಕಟ್ಟುವುದು, ವೈದ್ಯರು ಔಷಧ ಹೇಳಿದರೆ ತಪ್ಪದೆ ಸೇವಿಸುವುದು ಇವು ಅವನ ಕರ್ತವ್ಯವಾಗುತ್ತವೆ. ಹೊಣೆಯು ಇಳಿಯಲಿಲ್ಲ, ಅದರ ಜಾಗ ಬದಲಾಯಿತು. ಇನ್ನು ಕಳೆದ ಹನ್ನೆರಡು ವರ್ಷಗಳ ಮಾತು: ದೋಷವಿಲ್ಲದೆಯೂ ಇತರರಿಗೆ ನಷ್ಟವಾಗುವುದುಂಟು, ನಷ್ಟವಾದಲ್ಲಿ ಋಣವುಂಟು. ತನ್ನನ್ನು ಹಳಿದುಕೊಳ್ಳುವುದರಿಂದ ಆ ಋಣವು ತೀರುವುದಿಲ್ಲ. ಹಳಿದುಕೊಂಡು ಕುಳಿತವನನ್ನು ಸಮಾಧಾನಪಡಿಸುವ ಕೆಲಸವೂ ಹೆಂಡತಿಯ ತಲೆಗೇ ಬರುತ್ತದೆ.

ಶಕ್ತಿಯನ್ನು ನಿರ್ಣಯಿಸುವವರು ಯಾರು ಎಂಬ ತೊಡಕು ಉಳಿದೇ ಇದೆ. ಕಾಲು ಮುರಿದವನ ಅಶಕ್ತಿ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಅದೂ ಅಲ್ಲದೆ ನಿನ್ನೆ ಹತ್ತು ಗಂಟೆ ಬೇಸಿನ್ನಿನ ಮುಂದೆ ಕೂತವನು ಇಂದು ಒಂದು ಕಾಗದ ಬರೆಯಲಾರನು. ನಿನ್ನೆಯದೇ ಇಂದಿನ ಮೇಲೆ ಸಾಕ್ಷಿ ಹೇಳುತ್ತದೆ. ಹೊರಗಿನವರು ಈ ಸಾಕ್ಷಿಯನ್ನು ನಂಬುವುದು ಸಹಜ, ಅದು ತಪ್ಪಾದರೂ ಸಹಜವೇ. ಅಪಾರ್ಥವು ಎರಡು ಕಡೆಗೂ ಇದೆಯೆಂದು ಡೇಮಿಯನ್ ಮಿಲ್ಟನ್ ಎಂಬ, ಸ್ವತಃ ಆಟಿಸಂ ಉಳ್ಳ ಆಂಗ್ಲ ವಿದ್ವಾಂಸನು 2012ರಲ್ಲಿ ವಾದಿಸಿದನು. ಅವನ ಪ್ರಕಾರ ಆಟಿಸಂ ಉಳ್ಳವನು ಇತರರನ್ನು ಅರಿಯಲಾರನೆಂಬುದು ಅರ್ಧಸತ್ಯ; ಇತರರೂ ಅವನನ್ನು ಅರಿಯಲಾರರು. ಈಚಿನ ವರ್ಷಗಳಲ್ಲಿ ಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದಿತು, ಬೆಲೆಯನ್ನು ಕೂಗದೆ ಫೋನಿನಲ್ಲಿ ಒತ್ತುವ ಕ್ರಮ. ಆ ಮನೆಯ ಎರಡನೆಯ ಮಗನು ಅಂದಿನಿಂದ ಗೂಡು ಕೊಂಡು ತರತೊಡಗಿದನು. ಬದಲಾದುದು ಅವನ ಸ್ವಭಾವವಲ್ಲ.

ಇನ್ನು ಕೆಲವರು ದಯೆಯಿಂದಲೇ ಬೇರೊಂದು ತಪ್ಪನ್ನು ಮಾಡುತ್ತಾರೆ. ಇಂಥವರಲ್ಲಿ ಅಸಾಧಾರಣ ಪ್ರತಿಭೆ ಅಡಗಿರುತ್ತದೆಂದೂ, ಮಹಾಪುರುಷರಲ್ಲಿ ಹಲವರು ಇಂಥವರೇ ಎಂದೂ ಸತ್ತವರ ಹೆಸರುಗಳನ್ನು ಎಣಿಸುತ್ತಾರೆ. ಎರಡು ಹುಳುಗಳು ಕೂಡಿ ಕಟ್ಟಿದ ಜೋಡಿಗೂಡು ಸಾಮಾನ್ಯ ನೂಲಿಗೆ ಬಾರದು. ಅದರಿಂದ ಬರುವ ಗಂಟುಗಂಟಿನ ನೂಲು ಡುಪಿಯನ್ ಬಟ್ಟೆಯಾಗಿ ಬೆಲೆ ಪಡೆಯುತ್ತದೆ. ಗೂಡಿಗೆ ಈ ಸಮಾಧಾನ ಸಾಕು. ಮನುಷ್ಯನಿಗೆ ಇದನ್ನು ಹೇಳಿದರೆ, ಯಾವುದಾದರೊಂದು ಬಟ್ಟೆಗೆ ಒದಗಿದರೆ ಮಾತ್ರ ನಿನಗೆ ಬೆಲೆಯೆಂದು ಹೇಳಿದಂತಾಯಿತು. ಪ್ರತಿಭೆಯಿಲ್ಲದವರು ಎಲ್ಲೆಡೆಯೂ ಹೆಚ್ಚು, ಇವರಲ್ಲಿಯೂ ಹೆಚ್ಚು. ಅವರಿಗೆ ಮರ್ಯಾದೆಯಿಂದ ಬದುಕುವ ಹಕ್ಕಿಲ್ಲವೆ?

ಸರ್ಕಾರದ ಕಡೆಯಿಂದ ಆಗಿರುವುದು ಸ್ವಲ್ಪ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಎ.ಡಿ.ಎಚ್.ಡಿ.ಯ ಹೆಸರಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಂಥ ಕಡೆ ಬಲ್ಲವರಿದ್ದಾರೆ. ಮಕ್ಕಳನ್ನು ಕರೆತರುವ ಪರಿಪಾಟಿ ಬೆಳೆದಿದೆ. ನಲವತ್ತರ ಗೃಹಸ್ಥನು ತನ್ನನ್ನು ತಾನೇ ಕರೆತಂದುಕೊಳ್ಳುವ ಪರಿಪಾಟಿ ಇನ್ನೂ ಬೆಳೆದಿಲ್ಲ.

ಆ ಊಹೆಯ ಮನೆಯಲ್ಲಿ ಈಗ ಕರೆಂಟಿನ ಬಿಲ್ಲನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸುತ್ತಾರೆ. ಲೆಕ್ಕದ ಪುಸ್ತಕವನ್ನು ಅವನು ಬರೆಯುತ್ತಾನೆ, ಆದರೆ ಹೆಂಡತಿಯು ಪಕ್ಕದಲ್ಲಿ ಕುಳಿತು ಮೊದಲನೆಯ ಸಾಲನ್ನು ಹೇಳಬೇಕು. ಆಮೇಲೆ ತಾನಾಗಿ ಸಾಗುತ್ತದೆ. ಮಗಳು ಮದುವೆಮನೆಯಲ್ಲಿ ಕಿವಿ ಮುಚ್ಚಿಕೊಂಡರೆ ಅಜ್ಜಿಯೇ ಅವಳನ್ನು ಹೊರಗೆ ಕರೆದೊಯ್ಯುತ್ತಾಳೆ. ಹೆಂಡತಿಯು ಹಳೆಯ ಮಾತನ್ನು ಆಡುವುದನ್ನು ಬಿಟ್ಟು ವರ್ಷವಾಯಿತು. ಅವನು ಮಾತ್ರ ರಾತ್ರಿಯ ಹೊತ್ತು ಅದನ್ನು ಇನ್ನೂ ತನಗೆ ತಾನೇ ಹೇಳಿಕೊಳ್ಳುತ್ತಾನೆ, ಮೊದಲಿನಷ್ಟು ಸಲವಲ್ಲ.