ಇಂದಿನ ಧಮ್ಮ ಚಿಂತನೆ: ಮೀಟರ್ ಸೊನ್ನೆ ತೋರಿಸಿದಾಗ



ರಜೆಯಲ್ಲಿ ಹೆಬ್ಬಾಳದ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿ ರಿಪೇರಿ ಕಲಿಯುತ್ತಿದ್ದೇನೆ. ಮಾಲ್‌ಗಳಿಂದ ಗುಜರಿಗೆ ಬರುವ ಗೇಮ್ ಮಷೀನುಗಳನ್ನು ಅವನು ಮನೆಯಲ್ಲೇ ಸರಿಮಾಡುತ್ತಾನೆ. ಮೊದಲ ದಿನ ಪ್ಲಗ್ ಕಿತ್ತು ಒಳಗೆ ಕೈ ಹಾಕಲು ಹೋದೆ. "ತಡೀರಿ ಸಾರ್" ಅಂದ. 230 ವೋಲ್ಟ್ ಒಳಗೆ ಸುಮಾರು 320 ವೋಲ್ಟ್ ಡಿ.ಸಿ. ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತರೂ ತಕ್ಷಣ ಹೋಗುವುದಿಲ್ಲ. ಮೀಟರ್ ಹಿಡಿದೆ. ಸೊನ್ನೆ. ಆಗಲೂ ಬಿಡಲಿಲ್ಲ. "ಸೊನ್ನೆ ಅಂದ್ರೆ ಕರೆಂಟ್ ಇಲ್ಲ ಅಂತಾನೂ ಇರಬಹುದು, ಮೀಟರ್ ಕೆಟ್ಟಿದೆ ಅಂತಾನೂ ಇರಬಹುದು. ಮೊದಲು ಒಳ್ಳೇ ಬ್ಯಾಟರಿಗೆ ಹಿಡಿದು ನೋಡಿ, ಆಮೇಲೆ ಇದಕ್ಕೆ, ಮತ್ತೆ ಬ್ಯಾಟರಿಗೆ."

ಕಾಲಾಮ ಸುತ್ತವನ್ನು ನಮ್ಮ ಬಳಗದಲ್ಲಿ ಎಷ್ಟೋ ಸಲ ಓದಿಸಿದ್ದೇನೆ. ಪರಂಪರೆಯನ್ನು, ಗ್ರಂಥವನ್ನು, ಗುರುವನ್ನು ಪರೀಕ್ಷಿಸಿ ಎಂದಿದ್ದೇನೆ. ಪರೀಕ್ಷಿಸುವ ನನ್ನ ಮನಸ್ಸನ್ನೇ ಪರೀಕ್ಷಿಸಿದ್ದು ಕಡಿಮೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರು ಎಂಬುದೂ ಇದೆ. ದೀಕ್ಷೆಯ ದಿನ ನಾನೂ ಹೇಳಿದೆ. ಅಲ್ಲಿಗೆ ಪ್ಲಗ್ ಕಿತ್ತಂತಾಯಿತು ಅಂದುಕೊಂಡೆ. ನಿನ್ನಲ್ಲಿ ಜಾತಿ ಇದೆಯಾ ಎಂದು ಕೇಳಿಕೊಂಡಾಗಲೆಲ್ಲ ಮನಸ್ಸು ಸೊನ್ನೆ ತೋರಿಸುತ್ತಿತ್ತು.

ಕಳೆದ ತಿಂಗಳು ಅಕ್ಕನ ಮಗಳು ತಾನು ಮೆಚ್ಚಿದ ಹುಡುಗನ ವಿಷಯ ತೆಗೆದಳು. ಅವನೂ ಬೌದ್ಧನೇ. ನನ್ನ ಬಾಯಿಂದ ಬಂದ ಮೊದಲ ಮಾತು: "ಅವರ ಮನೆಯವರು ಎಡಗೈನವರೋ, ಬಲಗೈನವರೋ?"

"ನೀವೂನಾ ಮಾವ?" ಎಂದು ಎದ್ದು ಹೋದಳು.

ಈ ಭಾನುವಾರ ಯಲಹಂಕಕ್ಕೆ ಹೋಗುತ್ತಿದ್ದೇನೆ. ಆ ಹುಡುಗನನ್ನೂ ಕರೆಸು ಎಂದು ಅವಳಿಗೆ ಹೇಳಿದ್ದೇನೆ.